ಸಹಜವೆಂದು ಬಿಟ್ಟದ್ದು

೨೦೦೧ರ ಆಗಸ್ಟ್ ತಿಂಗಳಲ್ಲಿ, ನಾನು ಕೆಲಸ ಮಾಡುತ್ತಿದ್ದ ಸಂಜೆ ಪತ್ರಿಕೆಯ ಪ್ರೂಫ್ ರೀಡರ್‌ಗೆ ಎಚ್‌ಐವಿ ಇದೆ ಎಂದು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹೇಳಿದರು. ಅದೇ ವಾರ ಅವನ ಹೆಂಡತಿಯ ರಕ್ತವನ್ನೂ ಪರೀಕ್ಷಿಸಿದರು. ಆಕೆಗೆ ಇರಲಿಲ್ಲ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿದರು. ಆಗಲೂ ಇರಲಿಲ್ಲ.

ನಾನು ಬರೆಯಹೊರಟಿರುವುದು ಆಕೆಯ ವಿಷಯ. ಅವನದು ಆಗಿಹೋಗಿತ್ತು, ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆಕೆಯದು ಹಾಗಲ್ಲ. ಆಕೆಗೆ ಇಲ್ಲದ್ದನ್ನು ಇಲ್ಲದ ಹಾಗೆಯೇ ಉಳಿಸಿಕೊಳ್ಳಬಹುದಿತ್ತು.

ನಾನು ಇದನ್ನು ಆಮೇಲೆ ಹೇಳಿದವರಲ್ಲಿ, ಅವನಿಗೆ ಎಲ್ಲಿಂದ ಬಂತು ಎಂದು ಕೇಳದವರಿಲ್ಲ. ಮದುವೆಗೆ ಮುಂಚೆ ಬೇರೊಂದು ಊರಿನ ಪ್ರೆಸ್ಸಿನಲ್ಲಿದ್ದಾಗ ಎಂದು ಅವನು ಹೇಳಿದ್ದ. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ. ಇಲ್ಲಿ ಅದರ ಅಗತ್ಯವೂ ಇಲ್ಲ.

ತೊಂಬತ್ತರ ದಶಕದ ನಡುವೆ ನಾವಿಬ್ಬರೂ ಒಂದೇ ವರ್ಷ ಪತ್ರಿಕೆಗೆ ಸೇರಿದೆವು. ಸಂಜೆ ಪತ್ರಿಕೆಯೆಂದರೆ ಬೆಳಗಿನ ಕೆಲಸ. ಏಳಕ್ಕೆ ಬಂದು ಕೂತರೆ ಮಧ್ಯಾಹ್ನ ಎರಡಕ್ಕೆ ಮುಖಪುಟ ಮೆಷಿನ್ನಿಗೆ ಇಳಿಯಬೇಕು, ನಾಲ್ಕಕ್ಕೆ ಹುಡುಗರು ಸಯ್ಯಾಜಿರಾವ್ ರಸ್ತೆಯಲ್ಲಿ ಕೂಗುತ್ತಿರಬೇಕು. ಕಂಪ್ಯೂಟರ್ ಬಂದಿದ್ದರೂ ಪ್ರೂಫ್ ನೋಡುವ ರೀತಿ ಹಳೆಯದೇ. ಒಬ್ಬನು ವರದಿಗಾರನ ಕೈಬರಹವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಿನ ಹಾಳೆಯ ಮೇಲೆ ಪೆನ್ನು ಹಿಡಿದು ಹೋಗಬೇಕು. 'ಪೊಲೀಸರು ಅಲ್ಪವಿರಾಮ ಆರೋಪಿಯನ್ನು ಬಂಧಿಸಿದ್ದಾರೆ ಪೂರ್ಣವಿರಾಮ' ಎಂದು ಓದುವವನು ನಾನು, ಪೆನ್ನು ಹಿಡಿದವನು ಅವನು. ನಾನು ಉಪಸಂಪಾದಕನಾದ ಮೇಲೂ ಬೆಳಗಿನ ಎರಡು ಗಂಟೆ ಅವನಿಗೆ ಓದುವ ಕೆಲಸ ನನ್ನದೇ ಆಗಿತ್ತು.

ಅವನು ಲಿಂಗಾಯತರ ಮನೆಯವನು. ಅವನ ಅಣ್ಣನಿಗೆ ಒಂದು ಮಠದ ಬಾಗಿಲಲ್ಲಿ ವಿಭೂತಿ, ಶಿವದಾರ, ಲಿಂಗವಿಡುವ ಬೆಳ್ಳಿ ಕರಡಿಗೆ ಮಾರುವ ಅಂಗಡಿ ಇತ್ತು. ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕಬಾರದು ಎಂಬುದು ಅವನ ಮನೆಯ ಕ್ರಮ. ಬೆಳಿಗ್ಗೆ ಆರಕ್ಕೇ ಕೆಸರೆಯ ಮನೆಯಿಂದ ಹೊರಡುತ್ತಿದ್ದುದರಿಂದ ಅವನ ಪೂಜೆ ಆಫೀಸಿನಲ್ಲೇ. ಒಳಪುಟಗಳು ಇಳಿದ ಮೇಲೆ ಕಾಗದದ ರೀಲುಗಳ ಹಿಂದೆ ಚಾಪೆ ಹಾಸಿ, ಚೊಂಬಿನಲ್ಲಿ ನೀರಿಟ್ಟುಕೊಂಡು, ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟು ನೋಡುತ್ತ ಕೂರುತ್ತಿದ್ದ. ಆ ಹೊತ್ತಿನಲ್ಲಿ ಮೆಷಿನ್ನಿನವರು ಬೀಡಿ ಹಚ್ಚಬೇಕೆಂದರೆ ಬೀದಿಗೆ ಹೋಗುತ್ತಿದ್ದರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೂಜೆ ಮುಗಿಸಿ ಬಂದವನು ಡಬ್ಬಿ ಬಿಚ್ಚಿ, "ಬರ್ರೋ, ಇವತ್ತು ಉಪ್ಪಿಟ್ಟು. ನಮ್ಮವಳು ಮುನಿಸ್ಕೊಂಡಿದ್ದಾಳೆ, ಅದಕ್ಕೆ ಉಪ್ಪಿಟ್ಟು" ಎಂದು ಕರೆಯುತ್ತಿದ್ದ.

ಏಡ್ಸ್ ಎಂದರೆ ಆಗ ನಮ್ಮ ಪತ್ರಿಕೆಗೆ ಮಹಾಮಾರಿ. ಶೀರ್ಷಿಕೆಯಲ್ಲಿ ಜಾಗ ಇದ್ದರೆ 'ಮದ್ದಿಲ್ಲದ ಮಹಾಮಾರಿ'. ಬಂದವರು ಸತ್ತರೆ 'ಕೊನೆಗೂ ಬಲಿ'. ಇವನ್ನೆಲ್ಲ ನಾನು ವಿರಾಮಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುತ್ತಿದ್ದೆ. ಅವನಿಗೆ ಎಚ್‌ಐವಿ ಇರುವುದು ಆಫೀಸಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಫಲಿತಾಂಶ ಬಂದ ದಿನವೇ ಹೇಳಿದ್ದ. ಮಾರನೆಯ ವಾರ ಅಂಥದೊಂದು ಸುದ್ದಿ ಬಂದಾಗ ನಾನು ತಡವರಿಸಿದೆ.

"ಓದೋ," ಎಂದ. "ಸಾಯ್ತೀನಿ ಅಂತ ನಂಗೂ ಗೊತ್ತು. ತಪ್ಪಿಲ್ಲದೆ ಆದ್ರೂ ಅಚ್ಚಾಗ್ಲಿ."

ಮೊದಲ ನಾಲ್ಕೈದು ತಿಂಗಳು ಅವನಷ್ಟು ಎಚ್ಚರದ ಮನುಷ್ಯನನ್ನು ನಾನು ಕಂಡಿಲ್ಲ. ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿದ್ದನ್ನೂ ಹೇಳದ್ದನ್ನೂ ಪಾಲಿಸಿದ. ಬ್ಲೇಡು ಬೇರೆ ಮಾಡಿದ, ಟವೆಲು ಬೇರೆ ಮಾಡಿದ, ತಟ್ಟೆಯನ್ನೂ ಬೇರೆ ಮಾಡಿದ. ತಟ್ಟೆಯಿಂದ ಏನೂ ಬರುವುದಿಲ್ಲ ಎಂದು ಸಮಾಲೋಚಕಿ ಎರಡು ಸಲ ಹೇಳಿದರೂ ಕೇಳಲಿಲ್ಲ. ಅವರು ಕೊಟ್ಟ ನಿರೋಧ್ ಪೊಟ್ಟಣಗಳನ್ನು ಟಿಫಿನ್ ಚೀಲದ ತಳದಲ್ಲಿಟ್ಟು ಮನೆಗೆ ಒಯ್ಯುತ್ತಿದ್ದ.

ಅವನ ಹೆಂಡತಿ ಬನ್ನಿಮಂಟಪದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದಳು. ಮಾತಿನಲ್ಲಿ ಅವನಿಗಿಂತ ಒಂದು ಕೈ ಮೇಲು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ಆ ದಿನಗಳಲ್ಲಿ ಅವರ ಮನೆಗೆ ಹೋದಾಗ, ಅವನ ಎದುರಿಗೇ ಹೇಳಿದಳು: "ನೋಡಿ ಅಣ್ಣ, ಮದುವೆ ದಿನವೂ ಈ ಮನುಷ್ಯ ನಂಗೆ ಇಷ್ಟು ಮರ್ಯಾದೆ ಕೊಟ್ಟಿರ್ಲಿಲ್ಲ. ಈಗ ನಾನು ಅರಮನೆ ಸೊಸೆ. ಮುಟ್ಟೋಕೂ ಅಪ್ಪಣೆ ಕೇಳ್ತಾರೆ."

ಅವನು ನಕ್ಕ. ನನಗೆ ನೆನಪಿರುವ ಹಾಗೆ ಆ ಮನೆಯಲ್ಲಿ ಅವನು ನಕ್ಕಿದ್ದನ್ನು ನಾನು ಮತ್ತೆ ನೋಡಿದ್ದು ಬಹಳ ತಡವಾಗಿ.

೨೦೦೨ರ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ರೀಲುಗಳ ಹಿಂದೆ ಹೋಗಲಿಲ್ಲ. ಕೂತಲ್ಲೇ ಡಬ್ಬಿ ಬಿಚ್ಚಿ ತಿಂದ. ಮಾರನೆಯ ದಿನವೂ ಹಾಗೇ. ವಾರದೊಳಗೆ ಕೊರಳಲ್ಲಿ ಕರಡಿಗೆಯೂ ಇರಲಿಲ್ಲ.

ಮುಖ್ಯ ವರದಿಗಾರ ಮೊದಲು ಗಮನಿಸಿದ. "ಏನ್ ಸ್ವಾಮೇರೇ, ಪಾರ್ಟಿ ಬದಲಾಯಿಸ್ಬುಟ್ರಾ?" ಎಂದ. ಎಲ್ಲರೂ ನಕ್ಕರು. ಜಯಲಕ್ಷ್ಮಿಪುರಂನಲ್ಲಿ ಮನೆ ಮಾಡಿದ್ದ ನಮ್ಮ ಹಿರಿಯ ಸಹಸಂಪಾದಕರು ವಿಚಾರವಾದಿಗಳು. ಜಾತಿ, ದೇವರು, ಮಠಗಳ ವಿರುದ್ಧ ವಾರಕ್ಕೊಂದು ಅಂಕಣ ಬರೆಯುತ್ತಿದ್ದವರು. ಅವರು ನಗಲಿಲ್ಲ. ಅವನ ಮೇಜಿನ ಹತ್ತಿರ ಬಂದು ಕೈ ಹಿಡಿದು ಕುಲುಕಿದರು. "ಇಷ್ಟು ವರ್ಷ ನಿನ್ನ ಹತ್ರ ವಾದ ಮಾಡಿದ್ದು ದಂಡ ಆಗ್ಲಿಲ್ಲ ಕಣಯ್ಯ. ಕೊನೆಗೂ ಬಿಡುಗಡೆ ಆಯ್ತು ನಿಂಗೆ," ಎಂದರು. ಸಂಜೆ ಆಫೀಸಿನವರಿಗೆಲ್ಲ ಅವರ ಲೆಕ್ಕದಲ್ಲಿ ಕಾಫಿ.

ಅವನು ಕಾಫಿ ಕುಡಿಯಲಿಲ್ಲ. ಲೋಟ ಮುಂದಿಟ್ಟುಕೊಂಡು ಕೂತಿದ್ದ, ಕೆನೆ ಕಟ್ಟಿತು.

ಅವನು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ ಎಂಬುದು ನನಗೆ ಓದುವಾಗ ಗೊತ್ತಾಯಿತು. ಪೆನ್ನು ನನ್ನ ದನಿಯ ಹಿಂದೆ ಬೀಳುತ್ತಿತ್ತು. ಅಲ್ಪವಿರಾಮ ಬಿಡದವನು ಇಡೀ ಸಾಲನ್ನೇ ಬಿಡುತ್ತಿದ್ದ. ತೋರಿಸಿದರೆ "ಹೂಂ" ಎಂದಷ್ಟೇ ಹೇಳುತ್ತಿದ್ದ, ತಪ್ಪು ಮಾಡಿದೆನಲ್ಲ ಎಂಬ ಬೇಜಾರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ವೈನ್ ಸ್ಟೋರಿನ ಮುಂದೆ ನಿಲ್ಲತೊಡಗಿದ. ಮೊದಲು ಕುಡಿಯುತ್ತಿದ್ದವನಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವನ ಸ್ಕೂಟರಿನ ಹಿಂದೆ ಕೂತು ಕೆಸರೆ ಕಡೆ ಹೊರಟಿದ್ದೆ. ರಿಂಗ್ ರಸ್ತೆ ದಾಟುವ ಜಾಗದಲ್ಲಿ ಬಲಗಡೆಯಿಂದ ಮರಳು ಲಾರಿ ಬರುತ್ತಿತ್ತು. ಇವನು ನಿಲ್ಲಿಸಲಿಲ್ಲ, ವೇಗ ಹೆಚ್ಚಿಸಲೂ ಇಲ್ಲ. ಹೋಗುತ್ತಿದ್ದ ಹಾಗೇ ಹೋದ. ಲಾರಿಯವನು ಪಕ್ಕದ ಮಣ್ಣಿಗೆ ಇಳಿಸಿ, ತಲೆ ಹೊರಗೆ ಹಾಕಿ ನಮ್ಮಿಬ್ಬರ ತಾಯಂದಿರನ್ನೂ ಬೈದ. ರಸ್ತೆಯ ಆಚೆ ಹೋದ ಮೇಲೆ ಸ್ಕೂಟರ್ ನಿಲ್ಲಿಸಲು ಹೇಳಿದೆ.

"ಕಾಣ್ಲಿಲ್ವೇನೋ ಲಾರಿ?"

"ಕಾಣ್ತು ಕಣೋ. ಬ್ರೇಕ್ ಒತ್ತಬೇಕು ಅಂತನೂ ಗೊತ್ತಾಯ್ತು. ಒತ್ತೋಕಾಗ್ಲಿಲ್ಲ."

"ಸಾಯ್ಬೇಕು ಅಂತಿದ್ಯಾ?"

"ಅಯ್ಯೋ, ಅದಕ್ಕೂ ಮನಸ್ಸು ಮಾಡ್ಬೇಕಲ್ಲಪ್ಪ," ಎಂದ.

ಆ ತಿಂಗಳು ಆಸ್ಪತ್ರೆಗೆ ಅವನ ಜತೆ ನಾನೂ ಹೋದೆ. ಸಮಾಲೋಚಕಿ ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯ ಹುಡುಗಿ. ಹೊರಗಿನ ಬೆಂಚು ತುಂಬಿ ಜನ ನೆಲದ ಮೇಲೆ ಕೂತಿದ್ದರು.

"ನಿರೋಧ್ ಬಳಸ್ತಿದ್ದೀರಾ ಸರ್?"

"ಹೂಂ."

"ತಪ್ಪದೇ?"

"ಹೂಂ."

ಇನ್ನಷ್ಟು ಪೊಟ್ಟಣ ಕೊಟ್ಟಳು. ವಿಟಮಿನ್ ಮಾತ್ರೆ ನುಂಗುತ್ತಿದ್ದೀರಾ, ಕೆಮ್ಮು ಇದೆಯಾ, ಭೇದಿ ಇದೆಯಾ, ತೂಕ ಎಷ್ಟು. ಅವಳು ಕೇಳಬೇಕಾದ್ದನ್ನೆಲ್ಲ ಕೇಳಿದಳು. ನಿದ್ದೆ ಬರುತ್ತಾ ಎಂಬುದು ಅವಳು ಕೇಳಬೇಕಾದ್ದರಲ್ಲಿ ಇರಲಿಲ್ಲ. ನಾನೇ ಹೇಳಿದೆ: ನಿದ್ದೆ ಇಲ್ಲ, ಊಟ ಇಲ್ಲ, ಕುಡಿತ ಶುರುವಾಗಿದೆ. ಅವಳು ಒಳಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ತಲೆಯೆತ್ತಿ ನೋಡಿದರು. ದಣಿದಿದ್ದರು, ಸಿಡುಕಲಿಲ್ಲ.

"ಈ ಕಾಯಿಲೆ ಬಂದೋರಿಗೆ ಬೇಜಾರಾಗದೆ ಖುಷಿ ಆಗುತ್ತೇನ್ರಿ? ಅದು ಸಹಜ ಕಣ್ರೀ. ಧೈರ್ಯ ತಂದ್ಕೋಬೇಕು," ಎಂದರು.

ಮನೋರೋಗ ವಿಭಾಗ ಅದೇ ಆವರಣದಲ್ಲಿತ್ತು. ಡಾಕ್ಟರ ಕೋಣೆಯ ಕಿಟಕಿಯಿಂದ ಅದರ ಬೋರ್ಡು ಕಾಣುತ್ತಿತ್ತು.

ಹೊರಗೆ ಬಂದು ಅವನು ಪೊಟ್ಟಣಗಳನ್ನು ಸ್ಕೂಟರಿನ ಡಿಕ್ಕಿಗೆ ಹಾಕಿದ. ಹಿಂದಿನ ತಿಂಗಳು ಕೊಟ್ಟಿದ್ದವೂ ಅಲ್ಲೇ ಇದ್ದವು, ಒಡೆದಿರಲಿಲ್ಲ.

"ಮನೆಗೆ ಒಯ್ಯಲಿಲ್ವಾ?"

"ಮರೆತುಬುಟ್ಟೆ."

"ಹಾಗಾದ್ರೆ ಅವಳ ಹತ್ರ..."

"ಇಲ್ಲ. ಸುಮ್ನೆ ಬಿದ್ದಿರ್ತೀನಿ," ಎಂದ. ಅವತ್ತಿಗೆ ಅದು ನಿಜವಿರಬೇಕು.

ಆ ವರ್ಷ ಊರಿನಲ್ಲಿ ಒಂದು ಪುಕಾರು ಎದ್ದಿತ್ತು. ಎಚ್‌ಐವಿ ಇರುವವರು ಸಿಟ್ಟಿಗೆ ಬಿದ್ದು, ಬೇಕೆಂದೇ ಬೇರೆಯವರಿಗೆ ಅಂಟಿಸುತ್ತಾರೆ. ಸಿನಿಮಾ ಥಿಯೇಟರಿನ ಸೀಟಿನಲ್ಲಿ ಸೂಜಿ ಚುಚ್ಚಿಡುತ್ತಾರೆ. ಮುಖ್ಯ ವರದಿಗಾರನಿಗೆ ಇದನ್ನು ಬರೆಯುವ ಆಸೆ. ಯಾವ ಥಿಯೇಟರು, ಯಾರಿಗೆ ಚುಚ್ಚಿತು, ಯಾವ ಠಾಣೆ ಎಂದು ಕೇಳಿದೆ. ಯಾವುದಕ್ಕೂ ಉತ್ತರವಿರಲಿಲ್ಲ. ಸುದ್ದಿ ಅಚ್ಚಾಗದೆ ಬಿದ್ದುಹೋಯಿತು. ಅವನು ಪಕ್ಕದಲ್ಲಿ ಕೂತು ಈ ಚರ್ಚೆಯನ್ನು ಕೇಳಿದ, ಕೇಳಿದ ಹಾಗೆ ಕಾಣಲಿಲ್ಲ. ಸಿಟ್ಟು ಎನ್ನುವುದು ಆಗ ಅವನಲ್ಲಿ ಇದ್ದಿದ್ದರೆ ಅದು ಒಳ್ಳೆಯ ಲಕ್ಷಣವಾಗುತ್ತಿತ್ತು.

ಇನ್ನು ಮುಂದಿನದು ನಾನು ನೋಡಿದ್ದಲ್ಲ, ಅವನ ಹೆಂಡತಿ ಹೇಳಿದ್ದು. ನಂತರ ಅವನೂ ಅಲ್ಲಗಳೆಯಲಿಲ್ಲ.

ಶಿವರಾತ್ರಿಗೆ ಅವನು ಅಣ್ಣನ ಮನೆಗೆ ಹೋಗಲಿಲ್ಲ. ಅಣ್ಣ ಶ್ರೀರಾಂಪುರದಲ್ಲಿ ಹೊಸದಾಗಿ ಮನೆ ಕಟ್ಟಿದ್ದ, ತಾಯಿ ಅಲ್ಲೇ ಇದ್ದರು. ಎಚ್‌ಐವಿಯ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಬ್ಬಕ್ಕೆ ಬರದ ಮಗನನ್ನು ನೋಡಲು ತಾಯಿ ಕೆಸರೆಗೆ ಬಂದರು. ಕರಡಿಗೆ ದೇವರ ಗೂಡಿನ ಮೊಳೆಗೆ ನೇತುಬಿದ್ದಿತ್ತು. ಕರಡಿಗೆ ಮಾರಿ ಅನ್ನ ತಿಂದ ಮನೆಯ ಮಗ ಲಿಂಗ ಬಿಚ್ಚಿಟ್ಟಿದ್ದಾನೆ. ಆಯಮ್ಮ ಅಲ್ಲೇ ಕೂತು ಅತ್ತರು. ಸೊಸೆಯನ್ನು ಬೈದರು. ಮಾರನೆಯ ವಾರ ಇಬ್ಬರನ್ನೂ ಮಠಕ್ಕೆ ಕರೆದುಕೊಂಡು ಹೋದರು.

ಸ್ವಾಮಿಗಳನ್ನು ಆ ಮನೆಯವರು ಬುದ್ಧಿಯವರು ಎನ್ನುತ್ತಿದ್ದರು. ವಯಸ್ಸಾದವರು, ಅವನನ್ನು ಚಿಕ್ಕಂದಿನಿಂದ ಕಂಡವರು. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಹೊಸದಾಗಿ ವಿಭೂತಿ ಹಚ್ಚಿ, ಲಿಂಗವನ್ನು ಅವನ ಅಂಗೈಯಲ್ಲಿ ಇಟ್ಟರು. ಅವನು ಇಟ್ಟ ಹಾಗೆ ಹಿಡಿದುಕೊಂಡಿದ್ದ.

"ಮದುವೆಯಾಗಿ ಎಷ್ಟು ವರ್ಷ ಆಯ್ತವ್ವ?" ಎಂದು ಅವರು ತಾಯಿಯನ್ನು ಕೇಳಿದರು.

"ಐದು ತುಂಬುತ್ತೆ ಬುದ್ಧಿ."

"ಮಕ್ಕಳು?"

"ಇಲ್ಲ ಬುದ್ಧಿ."

"ಮತ್ತೆ? ಅದೇ ಕೊರಗು. ಗಂಡಸು ಬಾಯಿಬಿಟ್ಟು ಹೇಳಲ್ಲ. ಮನೇಲಿ ಒಂದು ಕೂಸು ಅತ್ರೆ ಮನಸ್ಸು ತಾನಾಗಿ ಜಾಗಕ್ಕೆ ಬರುತ್ತೆ. ಈ ವರ್ಷ ಆಗ್ಲಿ."

ತಾಯಿ ಅಡ್ಡಬಿದ್ದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. ಬಾಗಿಲಿಗೆ ಬಂದ ಮೇಲೆ ತಾಯಿ ಸೊಸೆಯ ಕಿವಿಯಲ್ಲಿ ಹೇಳಿದರಂತೆ: "ಬುದ್ಧಿಯೋರ ಬಾಯಲ್ಲಿ ಬಂದೈತೆ. ಇನ್ನು ನೀನು ಬೇರೆ ಮಲಗ್ತೀನಿ ಅಂತ ಆಟ ಆಡ್ಬೇಡ."

ಇದನ್ನು ಆಕೆ ನನಗೆ ಹೇಳಿದ್ದು ಜುಲೈನಲ್ಲಿ. ಪುಟ ಇಳಿಸಿ ಹೊರಗೆ ಬಂದಾಗ ಆಫೀಸಿನ ಗೇಟಿನಲ್ಲಿ ನಿಂತಿದ್ದಳು. ಅವನು ಅವತ್ತು ರಜೆ. ಎದುರಿನ ಹೋಟೆಲಿನಲ್ಲಿ ಕೂತೆವು. ಅವಳ ಸೆರಗಿನಿಂದ ಊದುಬತ್ತಿ ಮಸಾಲೆಯ ವಾಸನೆ ಬರುತ್ತಿತ್ತು, ಸರ್ವರ್ ಎರಡು ಸಲ ತಿರುಗಿ ನೋಡಿದ.

"ಅಣ್ಣ, ಇವತ್ತು ಬೆಳಿಗ್ಗೆ ಮತ್ತೆ ರಕ್ತ ಕೊಟ್ಟು ಬಂದೆ. ಇಲ್ಲ ಅಂದ್ರು. ಎಷ್ಟು ದಿನ ಇಲ್ಲ ಅಂತಾರೆ ಹೇಳಿ?"

ಏನಾಯಿತೆಂದು ಕೇಳಿದೆ.

"ಏನಾಗುತ್ತೆ. ಪೊಟ್ಟಣ ನಾನೇ ತರ್ತೀನಿ ಆಸ್ಪತ್ರೆಯಿಂದ. ಗಂಡಸ್ರ ಸಾಲಲ್ಲಿ ನಿಂತು ತರ್ತೀನಿ. ದಿಂಬಿನ ಕೆಳಗೇ ಇರ್ತವೆ. ವಾರಗಟ್ಟಲೆ ಈ ಮನುಷ್ಯ ಗೋಡೆ ಕಡೆ ತಿರುಗಿ ಬಿದ್ದಿರ್ತಾರೆ. ಒಂದಿನ ಕುಡ್ಕೊಂಡು ಬರ್ತಾರೆ. ಬೇಡ ಅಂತೀನಿ, ಅದು ಹಾಕ್ಕೊಳಿ ಅಂತೀನಿ. ನನ್ನ ಮಾತು ಮೀರಿದ್ರು ಅಂತ ಹೇಳೋಕೂ ಆಗಲ್ಲ ಅಣ್ಣ. ಕೇಳಿಸ್ಲೇ ಇಲ್ಲ ಅನ್ನೋ ಹಾಗಿರ್ತಾರೆ. ಗೋಡೆಗೆ ಹೇಳಿದ ಹಾಗೆ."

"ಸ್ವಲ್ಪ ದಿನ ತವರಿಗೆ ಹೋಗಮ್ಮ."

"ಏನಂತ ಹೋಗ್ಲಿ? ಗಂಡ ಹತ್ರ ಬರ್ತಾನೆ ಅಂತ ತವರಿಗೆ ಬಂದೆ ಅನ್ಲಾ? ನಗ್ತಾರೆ. ನಿಜ ಹೇಳಿದ್ರೆ ಒಳಗೇ ಬಿಡಲ್ಲ." ಟೀ ಆರಿತ್ತು, ಒಂದೇ ಗುಟುಕಿಗೆ ಕುಡಿದಳು. "ಆಮೇಲೆ ನಾನು ಹೋದ್ರೆ ಇವ್ರು ತಟ್ಟೆ ಮುಂದೆ ಕೂರೋದೂ ಇಲ್ಲ. ಬೈದು ಬೈದು ತಿನ್ನಿಸ್ತಾ ಇದೀನಿ. ಅತ್ತೆ ತಿಂಗಳಿಗೊಂದು ಸಲ ಬಂದು ಹೊಟ್ಟೆ ನೋಡ್ತಾರೆ. ನಾನು ಯಾರಿಗೆ ಅಂತ ಹೇಳ್ಲಿ?"

ಮಾರನೆಯ ದಿನ ತಿಂಡಿಯ ಹೊತ್ತಿನಲ್ಲಿ ಅವನನ್ನು ಮೆಷಿನ್ ಕೋಣೆಯ ಹಿಂದಕ್ಕೆ ಕರೆದೆ. ಮೆತ್ತಗೆ ಮಾತಾಡಲಿಲ್ಲ.

"ಅವಳಿಗೆ ಬಂದ್ರೆ ಏನೋ ಮಾಡ್ತೀಯ?"

"ಬರುತ್ತೆ ಅಂತ ಗೊತ್ತು."

"ಗೊತ್ತಿದ್ದೂ?"

"ಗೊತ್ತಿರೋದು ಬೇರೆ ಕಣೋ, ಅನ್ಸೋದು ಬೇರೆ. ನಂಗೆ ಏನೂ ಅನ್ಸಲ್ಲ. ಅವಳ ಹತ್ರ ಹೋದಾಗ ಒಂದು ಗಳಿಗೆ ಈ ಭಾರ ಇಳಿಯುತ್ತೆ. ಕುಡಿದಾಗ್ಲೂ ಅಷ್ಟೆ. ಆಮೇಲೆ ಎರಡರಷ್ಟು ಬಂದು ಕೂರುತ್ತೆ. ನಾಳೆ ಏನಾಗುತ್ತೆ ಅಂತ ಯೋಚಿಸೋಕೆ ನಾಳೆ ಅನ್ನೋದೊಂದು ಇರ್ಬೇಕಲ್ಲ."

ಅವನ ಅಣ್ಣನಿಗೆ ಹೇಳುತ್ತೇನೆ ಎಂದೆ. "ಹೇಳು" ಎಂದ, ಹೇಳಬೇಡ ಎನ್ನಬಹುದಾಗಿದ್ದ ಅದೇ ದನಿಯಲ್ಲಿ. ಮೊದಲು ಹೆಂಡತಿಯನ್ನು ಕೇಳಿದೆ. ಅಣ್ಣ ಎಂಥವನು ಎಂದು ಆಕೆಗೆ ಗೊತ್ತಿತ್ತು. "ಹೇಳಿದ ದಿನವೇ ನಮ್ಮಿಬ್ಬರ ಸಾಮಾನು ಬೀದೀಲಿರುತ್ತೆ. ಕೆಸರೆ ಮನೆ ಅವ್ರ ಹೆಸರಲ್ಲಿದೆ. ಬೇಡ ಅಣ್ಣ," ಎಂದಳು. ಅವಳು ಬೇಡವೆಂದ ಮೇಲೆ ಆ ದಾರಿ ಮುಗಿಯಿತು. ಸಮಾಲೋಚಕಿಗೆ ಹೇಳಿದೆ. ಅವಳು ಅವನನ್ನು ಕರೆಸಿ, ಹೆಂಡತಿಯನ್ನು ಕಾಪಾಡುವ ಜವಾಬ್ದಾರಿಯ ಬಗ್ಗೆ ಮತ್ತೊಮ್ಮೆ ವಿವರಿಸಿದಳು. ಅವನು ಪ್ರತಿಯೊಂದಕ್ಕೂ ಹೂಂ ಎಂದ. ಜವಾಬ್ದಾರಿ ಗೊತ್ತಿಲ್ಲದವನಿಗೆ ಜವಾಬ್ದಾರಿ ಹೇಳಬಹುದು. ಅವನಿಗೆ ಅದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

೨೦೦೩ರ ಮಾರ್ಚ್‌ನಲ್ಲಿ ಆಕೆ ಬಸುರಿಯೆಂದು ಗೊತ್ತಾಯಿತು. ಹೆರಿಗೆ ವಿಭಾಗದಲ್ಲಿ ರಕ್ತ ಪರೀಕ್ಷೆ ಮಾಡಿದರು. ಈ ಸಲ ಇತ್ತು.

ಅವನ ತಾಯಿ ಶ್ರೀರಾಂಪುರದಿಂದ ಸಿಹಿ ತಂದ ದಿನವೇ ಆಕೆ ಆ ಫಲಿತಾಂಶ ತೆಗೆದುಕೊಂಡು ಬಂದದ್ದು. ಅತ್ತೆ ಕೊಟ್ಟ ಸಜ್ಜಪ್ಪವನ್ನು ತಿಂದೆ ಎಂದು ನಂತರ ಹೇಳಿದಳು. "ಉಗುಳೋಕೆ ಆಗ್ಲಿಲ್ಲ. ಅವ್ರ ಮುಖ ಅಷ್ಟು ಚೆನ್ನಾಗಿತ್ತು ಅಣ್ಣ ಅವತ್ತು."

ಅವನಿಗೆ ಹೇಳಿದ ಮೇಲೆ ಅವನು ಮಲಗಿದ. ಕೆಲಸಕ್ಕೆ ಬರಲಿಲ್ಲ, ಸ್ನಾನ ಮಾಡಲಿಲ್ಲ, ನೀರನ್ನೂ ಕೇಳಲಿಲ್ಲ. ನಾಲ್ಕನೆಯ ದಿನ ಆಕೆಯೂ ನಾನೂ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಸಹಜ ಎಂದಿದ್ದ ಡಾಕ್ಟರು ಇರಲಿಲ್ಲ. ವಾರ್ಡಿನಲ್ಲಿ ಬೇರೆ ಊರಿನಿಂದ ಓದಲು ಬಂದಿದ್ದ ಒಬ್ಬ ಕಿರಿಯ ವೈದ್ಯ ಇದ್ದ. ನಾಲಗೆ ನೋಡಿದ, ಎದೆ ನೋಡಿದ, ಆಮೇಲೆ ಮಂಚದ ಅಂಚಿನಲ್ಲಿ ಕೂತು ನಮ್ಮನ್ನು ಕೇಳಿದ: "ಮೊದಲು ಇವ್ರು ದಿನಾ ಇಷ್ಟಪಟ್ಟು ಮಾಡ್ತಿದ್ದದ್ದು ಏನಾದ್ರೂ ಇತ್ತಾ? ಈಗ ಬಿಟ್ಟಿರೋದು?"

"ಪೂಜೆ," ಎಂದಳು ಅವನ ಹೆಂಡತಿ.

"ಯಾವಾಗಿಂದ ಬಿಟ್ಟಿದ್ದಾರೆ?"

"ಹೋದ ವರ್ಷ ಸಂಕ್ರಾಂತಿಯಿಂದ."

"ಒಂದು ವರ್ಷದ ಮೇಲಾಯ್ತಲ್ಲಮ್ಮ. ಯಾರಿಗೂ ತೋರಿಸ್ಲಿಲ್ವಾ?"

"ಎಲ್ಲರಿಗೂ ತೋರಿಸಿದ್ವಿ ಸರ್," ಎಂದಳು.

ಆ ವೈದ್ಯ ಅವತ್ತೇ ಎದುರಿನ ಮನೋರೋಗ ವಿಭಾಗದ ಕಟ್ಟಡಕ್ಕೆ ಕಳಿಸಿದ. ಅಲ್ಲಿಯವರು ಖಿನ್ನತೆ ಎಂದರು, ಅದೊಂದು ಕಾಯಿಲೆ ಎಂದರು, ಇಂಥ ಸ್ಥಿತಿಯಲ್ಲಿ ಮನುಷ್ಯ ತನ್ನ ಜೀವವನ್ನೂ ಬೇರೆಯವರ ಜೀವವನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ಮಾತ್ರೆ ಬರೆದರು. ಅದು ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗುವ ಮಾತ್ರೆ.

ಐದಾರು ವಾರಗಳಲ್ಲಿ ಅವನು ಕೆಲಸಕ್ಕೆ ಬಂದ. ಕುಡಿತ ನಿಂತಿತ್ತು. ಒಂದು ಬೆಳಿಗ್ಗೆ ಒಳಪುಟ ಇಳಿದ ಮೇಲೆ ಎದ್ದು ರೀಲುಗಳ ಹಿಂದೆ ಹೋದ. ಮೆಷಿನ್ನಿನವರು ಬೀಡಿ ಹಿಡಿದು ಬೀದಿಗೆ ನಡೆದರು. ಹಿರಿಯ ಸಹಸಂಪಾದಕರು ಕನ್ನಡಕ ತೆಗೆದು ನೋಡಿ, "ಮತ್ತೆ ಬಿದ್ದನಲ್ಲಯ್ಯ ಹಳ್ಳಕ್ಕೆ," ಎಂದು ನನ್ನ ಹತ್ತಿರ ಬೇಸರಪಟ್ಟುಕೊಂಡರು.

ಮಾತ್ರೆ ಅವನಿಗೆ ನಿದ್ದೆ ಕೊಟ್ಟಿತು, ಹಸಿವು ಕೊಟ್ಟಿತು, ತಾನು ಮಾಡಿದ್ದು ಏನು ಎಂಬುದನ್ನೂ ಕೊಟ್ಟಿತು. ತಿಂಡಿ ತಿನ್ನುವಾಗ ಒಂದು ದಿನ ತುತ್ತು ಕೈಯಲ್ಲೇ ಹಿಡಿದು, "ಈಗ ಅನ್ಸುತ್ತೆ ಕಣೋ," ಎಂದ. ತುತ್ತನ್ನು ಡಬ್ಬಿಗೆ ವಾಪಸು ಹಾಕಿದ.

ಆ ವರ್ಷದ ಕೊನೆಯಲ್ಲಿ ಮಗಳು ಹುಟ್ಟಿದಳು. ಹೆರಿಗೆಯ ಹೊತ್ತಿಗೆ ತಾಯಿಗೂ ಕೂಸಿಗೂ ಕೊಡುವ ಔಷಧಿ ಆಗ ಬಂದಿತ್ತು. ಒಂದೂವರೆ ವರ್ಷಕ್ಕೆ ಪರೀಕ್ಷೆ ಮಾಡಿದಾಗ ಮಗುವಿಗೆ ಇರಲಿಲ್ಲ. ಅಜ್ಜಿ ಮಠಕ್ಕೆ ಹೋಗಿ ಹಣ್ಣುಕಾಯಿ ಕೊಟ್ಟು ಬಂದರು. ಬುದ್ಧಿಯವರು ಹೇಳಿದ ಹಾಗೇ ಆಯಿತು, ಕೂಸು ಬಂತು, ಮಗ ಲಿಂಗ ಕಟ್ಟಿಕೊಂಡ. ಆಯಮ್ಮ ಹಾಗೆ ನಂಬಿಯೇ ಎರಡು ವರ್ಷದ ಮೇಲೆ ತೀರಿಕೊಂಡರು. ಅವರಿಗೆ ನಿಜ ಹೇಳುವ ಕೆಲಸವನ್ನು ಯಾರೂ ಮಾಡಲಿಲ್ಲ.

ಏಡ್ಸ್ ಚಿಕಿತ್ಸೆಯ ಮಾತ್ರೆಗಳು ಸರ್ಕಾರದಿಂದ ಉಚಿತವಾಗಿ ಸಿಗುವ ಹಾಗಾದ ಮೇಲೆ ಅವನಿಗೂ ಶುರು ಮಾಡಿದರು. ಮೈ ತುಂಬಿತು. ಆಸ್ಪತ್ರೆಯವರು ಅವನನ್ನು, ಅಣ್ಣನ ಮನೆಗೆ ಸುದ್ದಿ ಮುಟ್ಟದಷ್ಟು ದೂರದ ಊರುಗಳ ಏಡ್ಸ್ ತಿಳಿವಳಿಕೆ ಶಿಬಿರಗಳಿಗೆ ಕರೆದುಕೊಂಡು ಹೋಗತೊಡಗಿದರು. ಒಂದರಲ್ಲಿ ನಾನೂ ಇದ್ದೆ. ಅವನು ಮೈಕಿನ ಮುಂದೆ ನಿಂತು, ಬೇಸರವನ್ನು ಸಹಜ ಅಂತ ಬಿಡಬೇಡಿ, ಡಾಕ್ಟರಿಗೆ ಹೇಳಿ, ಎಂದ. ಜನ ಚಪ್ಪಾಳೆ ತಟ್ಟಿದರು. ಆಕೆ ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನನ್ನ ಕಡೆ ಬಾಗಿ, "ಚೆನ್ನಾಗಿ ಮಾತಾಡ್ತಾರೆ ಅಲ್ವಾ ಅಣ್ಣ. ನನ್ನ ಖರ್ಚಲ್ಲಿ ಕಲಿತದ್ದು," ಎಂದಳು.

೨೦೦೮ರಲ್ಲಿ ಆಕೆಗೂ ಆ ಮಾತ್ರೆಗಳನ್ನು ಶುರು ಮಾಡಿದರು. ಮೊದಲ ತಿಂಗಳುಗಳಲ್ಲಿ ಸರಿಯಾಗಿ ನುಂಗಿದಳು. ದಸರಾ ಕಳೆದ ಮೇಲೆ ಕಾರ್ಖಾನೆಗೆ ಹೋಗುವುದನ್ನು ಬಿಟ್ಟಳು. ಮಗಳಿಗೆ ಜಡೆ ಹಾಕುವುದು ಅವನ ಕೆಲಸವಾಯಿತು. ಅಡುಗೆಯೂ ಅವನದೇ. ಬೈಗುಳ ನಿಂತಿತು. ಆ ಮನೆಯಲ್ಲಿ ಆಕೆ ಬೈಯುವುದನ್ನು ನಿಲ್ಲಿಸಿದ್ದಾಳೆ ಎಂದು ಅವನು ಹೇಳಿದಾಗ ನನಗೆ ಭಯವಾಯಿತು. ಅವನಿಗೂ ಆಗಿತ್ತು. ಇದು ಏನೆಂದು ಅವನಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಡಿಸೆಂಬರ್‌ನಲ್ಲಿ ಒಂದು ಭಾನುವಾರ ಅವನು ಕರೆದ ಮೇಲೆ ಅವರ ಮನೆಗೆ ಹೋದೆ. ಆಕೆ ಗೋಡೆಗೆ ಒರಗಿ ಕೂತಿದ್ದಳು. ಅವನು ಎದುರಿಗೆ ಮೊಣಕಾಲೂರಿ, ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದ.

"ಒಂದ್ಸಲ ಬಾ ಮಾರಾಯ್ತಿ. ಅದೇ ಕಟ್ಟಡ, ಅದೇ ಡಾಕ್ಟ್ರು. ನಂಗಾಗಿದ್ದೇ ನಿಂಗೂ ಆಗಿರೋದು. ಅದೊಂದು ಕಾಯಿಲೆ ಅಷ್ಟೆ. ಮಾತ್ರೆ ಇದೆ."

ಆಕೆ ಅವನನ್ನು ಸ್ವಲ್ಪ ಹೊತ್ತು ನೋಡಿದಳು.

"ನಿಮಗೆ ಆಗಿದ್ದು ಕಾಯಿಲೆ," ಎಂದಳು. "ನಂಗೆ ಆಗಿರೋದು ನೀವು. ಅದಕ್ಕೆ ಮಾತ್ರೆ ಇದೆಯಾ, ಹೋಗಿ ಕೇಳ್ಕೊಂಡು ಬನ್ನಿ."

ಅವನು ಎದ್ದು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟ. ನಾನು ಹೊರಡುವಾಗ ಆಕೆಯೇ, "ಊಟ ಮಾಡ್ಕೊಂಡು ಹೋಗಿ ಅಣ್ಣ," ಎಂದಳು. ತಾನು ಊಟಕ್ಕೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ವಿಚಾರಿಸಿದೆ. ಸಮಾಲೋಚಕಿ ಬೇರೆಯವಳು, ವಯಸ್ಸಾದವಳು. ಅವನ ಹೆಂಡತಿ ಮಾತ್ರೆಗೆ ಬರುವುದನ್ನು ನಿಲ್ಲಿಸಿದ್ದು ಆಸ್ಪತ್ರೆಯವರಿಗೆ ತಿಳಿದಿತ್ತು. ಗಂಡನಿಗೆ ಫೋನ್ ಮಾಡಿದ್ದರು, ಒಮ್ಮೆ ಮನೆಗೂ ಬಂದು ಹೋಗಿದ್ದರು. "ಗಂಡನಿಂದ ಬಂದಿದ್ದು ನೋಡಿ, ಹೆಂಗಸರಿಗೆ ನೋವು ಇದ್ದೇ ಇರುತ್ತೆ. ಸಹಜ," ಎಂದಳು ಸಮಾಲೋಚಕಿ.

೨೦೦೯ರ ಮಾರ್ಚ್ ತಿಂಗಳಲ್ಲಿ ಅವರ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಅವನು ಒಬ್ಬನೇ ಶಾಲೆಗೆ ಹೋಗಿದ್ದ. ಆ ತಿಂಗಳೂ ಆಕೆ ಮಾತ್ರೆ ತೆಗೆದುಕೊಳ್ಳಲು ಆಸ್ಪತ್ರೆಗೆ ಹೋಗಲಿಲ್ಲ.